ಡಬ್ಬಿ ಮೇಲೆ 4ಕೆ, ಒಳಗೆ ಎಷ್ಟು? ಕನ್ಸೋಲ್ ಗೇಮ್‌ಗೆ ಯಾವ ಮೋಡ್, ಯಾವ ಟಿವಿ, ಯಾವ ಕನ್ಸೋಲ್

ಚಿಕ್ಕಪ್ಪನ ಮಗ ದಾವಣಗೆರೆಯಿಂದ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಮನೆಗೆ ಸೋನಿಯ ಗೇಮ್ ಕನ್ಸೋಲ್ ಪಿಎಸ್5 ಬಂದಿದೆ, 55 ಇಂಚಿನ 4ಕೆ ಟಿವಿಯೂ ಬಂದಿದೆ, ಫೈನಲ್ ಫ್ಯಾಂಟಸಿ 7 ರೀಬರ್ತ್ ಶುರು ಮಾಡಿದ್ದಾನೆ. "ಅಣ್ಣಾ, ಪರ್ಫಾರ್ಮೆನ್ಸ್ ಮೋಡ್ ಹಾಕಿದ್ರೆ ಹುಲ್ಲೆಲ್ಲ ನೀರಲ್ಲಿ ನೆನೆಸಿಟ್ಟಂಗೆ ಮಸುಕು. ಗ್ರಾಫಿಕ್ಸ್ ಮೋಡ್ ಹಾಕಿದ್ರೆ ಚೆನ್ನಾಗಿದೆ, ಆದ್ರೆ ಕ್ಯಾಮೆರಾ ತಿರುಗಿಸಿದ್ರೆ ಎಳೆದೆಳೆದು ಬರುತ್ತೆ. ಟಿವಿ ಏನಾದ್ರೂ ಕೆಟ್ಟಿದೆಯಾ?"

ಟಿವಿ ಕೆಟ್ಟಿರಲಿಲ್ಲ. ಪರ್ಫಾರ್ಮೆನ್ಸ್ ಮೋಡ್ ಅಂದರೆ ಸೆಕೆಂಡಿಗೆ ಹೆಚ್ಚು ಚಿತ್ರ (ಫ್ರೇಮ್), ಗ್ರಾಫಿಕ್ಸ್ ಅಥವಾ ಕ್ವಾಲಿಟಿ ಮೋಡ್ ಅಂದರೆ ಒಂದೊಂದು ಚಿತ್ರದಲ್ಲೂ ಹೆಚ್ಚು ವಿವರ. ಟಿವಿಯ ಮಾಹಿತಿ ತೆರೆದು ನೋಡಿದರೆ ಎರಡೂ ಮೋಡ್‌ನಲ್ಲಿ 3840×2160 ಅಂತಲೇ ತೋರಿಸುತ್ತದೆ. ಅದು ಕನ್ಸೋಲ್‌ನಿಂದ ಕೇಬಲ್ ಮೂಲಕ ಟಿವಿಗೆ ಹೋಗುವ ಚಿತ್ರದ ಅಳತೆ. ಗೇಮ್ ಒಳಗಡೆ ನಿಜವಾಗಿ ಬಿಡಿಸಿದ ಚಿತ್ರ ಅದಕ್ಕಿಂತ ಎಷ್ಟೋ ಚಿಕ್ಕದಿರಬಹುದು, ಅದನ್ನು ಹಿಗ್ಗಿಸಿ 4ಕೆ ಮಾಡಿ ಕಳಿಸಿರುತ್ತದೆ. ಈ ಹಿಗ್ಗಿಸುವ ಕೆಲಸಕ್ಕೇ ಅಪ್‌ಸ್ಕೇಲಿಂಗ್ ಅನ್ನುವುದು. ಮೋಡ್ ಆರಿಸುವಾಗಲಿ, ಟಿವಿ ಕೊಳ್ಳುವಾಗಲಿ, ಕನ್ಸೋಲ್ ಕೊಳ್ಳುವಾಗಲಿ "4ಕೆ ಇದೆಯಾ" ಅಂತ ಕೇಳಿದರೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. ಎಷ್ಟು ಬಿಡಿಸುತ್ತದೆ, ಹೇಗೆ ಹಿಗ್ಗಿಸುತ್ತದೆ, ನಾನು ಎಷ್ಟು ದೂರ ಕೂತು ನೋಡುತ್ತೇನೆ ಅಂತ ಕೇಳಿ. ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ಚುಕ್ಕಿ ಲೆಕ್ಕ

ಚುಕ್ಕಿ ಇಟ್ಟು ರಂಗೋಲಿ ಬಿಡಿಸುವ ಹಾಗೆಯೇ ಪರದೆ ಮೇಲಿನ ಚಿತ್ರವೂ. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. 720ಪಿ ಅಂದರೆ ಅಡ್ಡಕ್ಕೆ 1280, ಉದ್ದಕ್ಕೆ 720, ಒಟ್ಟು ಸುಮಾರು 9.2 ಲಕ್ಷ ಚುಕ್ಕಿ. 1080ಪಿಗೆ 20.7 ಲಕ್ಷ. 1440ಪಿಗೆ 36.9 ಲಕ್ಷ. 4ಕೆಗೆ 82.9 ಲಕ್ಷ. 2160 ಅಂದರೆ 1080ರ ಎರಡರಷ್ಟು ತಾನೇ ಅನ್ನಿಸಬಹುದು. ಆದರೆ ಅಡ್ಡಕ್ಕೂ ಎರಡರಷ್ಟು, ಉದ್ದಕ್ಕೂ ಎರಡರಷ್ಟು, ಹಾಗಾಗಿ ಕೆಲಸ ನಾಲ್ಕು ಪಟ್ಟು.

ಇದರ ಜೊತೆಗೆ ಸಮಯದ ಲೆಕ್ಕವೂ ಇದೆ. ಸೆಕೆಂಡಿಗೆ 30 ಫ್ರೇಮ್ ಆದರೆ ಒಂದೊಂದು ಚಿತ್ರಕ್ಕೆ 33.3 ಮಿಲಿಸೆಕೆಂಡ್ ಸಿಗುತ್ತದೆ. 60 ಫ್ರೇಮ್ ಆದರೆ 16.6 ಮಾತ್ರ. ಅಷ್ಟರೊಳಗೆ ಪ್ರತಿ ಚುಕ್ಕಿಗೂ ಬಣ್ಣ, ಬೆಳಕು, ನೆರಳು, ನೀರಿನಲ್ಲಿ ಕಾಣುವ ಪ್ರತಿಬಿಂಬ ಎಲ್ಲವನ್ನೂ ಲೆಕ್ಕ ಹಾಕಬೇಕು. ಸಮಯ ಅರ್ಧವಾದಾಗ ಚುಕ್ಕಿ ಕಡಿಮೆ ಮಾಡದೆ ಬೇರೆ ದಾರಿ ಇರುವುದು ಅಪರೂಪ. ಎಷ್ಟೋ ಗೇಮ್‌ಗಳು ಇದನ್ನು ಆಡುತ್ತಿರುವಾಗಲೇ ಬದಲಾಯಿಸುತ್ತವೆ. ಖಾಲಿ ಕೋಣೆಯಲ್ಲಿ ನಿಂತಾಗ ಚುಕ್ಕಿ ಜಾಸ್ತಿ, ಹತ್ತು ಶತ್ರುಗಳು ಬಂದು ಬೆಂಕಿ ಹೊಗೆ ಎದ್ದಾಗ ಕಡಿಮೆ. ಇದಕ್ಕೆ ಡೈನಾಮಿಕ್ ರೆಸಲ್ಯೂಶನ್ ಅಂತ ಹೆಸರು. ಹಾಗಾಗಿ ಒಂದು ಗೇಮ್‌ಗೆ ಒಂದೇ ಸಂಖ್ಯೆ ಹೇಳುವುದೂ ಕಷ್ಟ.

ಇದೇನೂ ಹೊಸದಲ್ಲ. ಎಕ್ಸ್‌ಬಾಕ್ಸ್ 360, ಪಿಎಸ್3 ಕಾಲದಲ್ಲಿ ಎಲ್ಲೆಲ್ಲೂ ಎಚ್‌ಡಿ ಎಚ್‌ಡಿ ಅಂತಲೇ ಮಾತು. ಆದರೆ 2007ರಲ್ಲಿ ಬಂದ ಹ್ಯಾಲೋ 3 ಒಳಗಡೆ ಬಿಡಿಸುತ್ತಿದ್ದದ್ದು 1152×640. ಅದೇ ವರ್ಷದ ಕಾಲ್ ಆಫ್ ಡ್ಯೂಟಿ 4 ಎರಡೂ ಕನ್ಸೋಲ್‌ನಲ್ಲಿ 1024×600. 60 ಫ್ರೇಮ್ ಬೇಕು ಅಂತ ಕಾಲ್ ಆಫ್ ಡ್ಯೂಟಿ ಮಾಡಿದವರು ಚುಕ್ಕಿ ಬಿಟ್ಟುಕೊಟ್ಟರು, ಆಡಿದವರಲ್ಲಿ ಹೆಚ್ಚಿನವರು ಬೇಜಾರು ಮಾಡಿಕೊಳ್ಳಲಿಲ್ಲ. 2013ರಲ್ಲಿ ಕಾಲ್ ಆಫ್ ಡ್ಯೂಟಿ ಗೋಸ್ಟ್ಸ್ ಪಿಎಸ್4ನಲ್ಲಿ 1080ಪಿ, ಎಕ್ಸ್‌ಬಾಕ್ಸ್ ಒನ್‌ನಲ್ಲಿ 720ಪಿ ಅಂತ ಗೊತ್ತಾದಾಗ ಮಾತ್ರ ದೊಡ್ಡ ಜಗಳವೇ ಆಯಿತು. ಆಗ ಆ ಜಗಳಕ್ಕೆ ಅರ್ಥ ಇತ್ತು, ಯಾಕೆಂದರೆ ಆಗಿನ ಹಿಗ್ಗಿಸುವ ವಿಧಾನ ಸರಳ. ಚುಕ್ಕಿ ಕಡಿಮೆ ಇದ್ದರೆ ಚಿತ್ರವೂ ಅಷ್ಟೇ ಕಡಿಮೆ. ಈಗ ಹಾಗಿಲ್ಲ. ಎರಡು ಗೇಮ್ ಒಂದೇ ಸಂಖ್ಯೆಯಿಂದ ಹೊರಟರೂ ಹಿಗ್ಗಿಸುವ ವಿಧಾನ ಬೇರೆಯಾದರೆ ಒಂದು ಚೊಕ್ಕ, ಇನ್ನೊಂದು ಕಲಸುಮೇಲೋಗರ.

ಹಿಗ್ಗಿಸುವ ವಿಧಾನಗಳು, ಒಂದಕ್ಕೊಂದು ಹೋಲಿಸಿದರೆ

ಎಲ್ಲಕ್ಕಿಂತ ಸರಳವಾದದ್ದು ಅಕ್ಕಪಕ್ಕದ ಚುಕ್ಕಿಗಳ ಸರಾಸರಿ ತೆಗೆದು ನಡುವೆ ತುಂಬುವುದು. ಟಿವಿಗಳು ಮಾಡುವುದೂ ಮೂಲದಲ್ಲಿ ಇದನ್ನೇ, ಮೇಲೆ ಒಂದಿಷ್ಟು ಚೂಪು ಮಾಡುತ್ತವೆ. 1080ಪಿಯಿಂದ 4ಕೆಗೆ ಹೋಗುವಾಗ ಲೆಕ್ಕ ಸರಿಯಾಗಿ ಕೂಡುತ್ತದೆ, ಒಂದು ಚುಕ್ಕಿಯ ಜಾಗದಲ್ಲಿ ನಾಲ್ಕು. 720ಪಿಯಿಂದ 4ಕೆಗೂ ಕೂಡುತ್ತದೆ, ಒಂದಕ್ಕೆ ಒಂಬತ್ತು. 1440ಪಿಯಿಂದ 4ಕೆ, 720ಪಿಯಿಂದ 1080ಪಿ ಎರಡೂ ಒಂದೂವರೆ ಪಟ್ಟು. ಒಂದೂವರೆ ಚುಕ್ಕಿ ಅಂತ ಇಡಲು ಆಗುವುದಿಲ್ಲ, ಅಲ್ವಾ? ಬಣ್ಣ ಪಕ್ಕದ್ದಕ್ಕೆ ಹಂಚಬೇಕು, ಅಂಚು ಕರಗುತ್ತದೆ. ನಿಂಟೆಂಡೊ ಕಂಪನಿಯ ಹಳೆಯ ಸ್ವಿಚ್ ಕನ್ಸೋಲ್‌ನ 720ಪಿ ಗೇಮ್‌ಗಳು ಸ್ವಿಚ್ 2ರ 1080ಪಿ ಪರದೆಯಲ್ಲಿ ಕೈಯಲ್ಲಿ ಹಿಡಿದು ಆಡುವಾಗ ಒಂಚೂರು ಮಸುಕಾಗಿ ಕಾಣುವುದಕ್ಕೆ ಇದೇ ಕಾರಣ.

2016ರ ನವೆಂಬರ್‌ನಲ್ಲಿ ಪಿಎಸ್4 ಪ್ರೋ ಬಂದಾಗ ಚೆಕರ್‌ಬೋರ್ಡ್ ವಿಧಾನ ಹೆಸರಾಯಿತು. ಚದುರಂಗದ ಹಾಸಿನಲ್ಲಿ ಕಪ್ಪು ಮನೆಗಳನ್ನು ಒಂದು ಫ್ರೇಮ್‌ನಲ್ಲಿ, ಬಿಳಿ ಮನೆಗಳನ್ನು ಮುಂದಿನ ಫ್ರೇಮ್‌ನಲ್ಲಿ ಬಿಡಿಸಿದ ಹಾಗೆ. ಪ್ರತಿ ಸಲ 4ಕೆಯ ಅರ್ಧ, ಅಂದರೆ ಸುಮಾರು 41.5 ಲಕ್ಷ ಚುಕ್ಕಿ ಮಾತ್ರ ಹೊಸದು, ಉಳಿದರ್ಧ ಹಿಂದಿನ ಫ್ರೇಮ್‌ನಿಂದ ಬರುತ್ತದೆ. 2017ರ ಹೊರೈಝನ್ ಝೀರೋ ಡಾನ್ ಇದನ್ನು ಬಳಸಿಯೇ ಅಷ್ಟು ಚೆನ್ನಾಗಿ ಕಂಡಿದ್ದು. ನಿಂತ ಚಿತ್ರದಲ್ಲಿ ಇದು ನಿಜವಾದ 4ಕೆಗೆ ತುಂಬ ಹತ್ತಿರ. ಜೋರಾಗಿ ಓಡುವಾಗ ಅಂಚಿನಲ್ಲಿ ಹಲ್ಲಿನ ಸಾಲಿನಂಥ ಗುರುತು ಕಾಣುತ್ತದೆ, ಅಷ್ಟೇ.

ಆಮೇಲೆ ಚಿಪ್ ಕಂಪನಿ ಎಎಂಡಿಯ ಎಫ್‌ಎಸ್‌ಆರ್ ಅನ್ನುವ ವಿಧಾನ. ಇಲ್ಲಿ ಒಂದು ಎಚ್ಚರ ಬೇಕು, ಯಾಕೆಂದರೆ ಎಫ್‌ಎಸ್‌ಆರ್ 1 ಮತ್ತು ಎಫ್‌ಎಸ್‌ಆರ್ 2 ಹೆಸರಲ್ಲಿ ಅಣ್ಣ ತಮ್ಮ, ಕೆಲಸದಲ್ಲಿ ಸಂಬಂಧವೇ ಇಲ್ಲ. 2021ರ ಎಫ್‌ಎಸ್‌ಆರ್ 1 ಕೈಯಲ್ಲಿರುವ ಒಂದೇ ಚಿತ್ರ ನೋಡಿ ಅಂಚು ಗುರುತಿಸಿ ಹಿಗ್ಗಿಸುತ್ತದೆ. ಇಲ್ಲದ ವಿವರವನ್ನು ಅದು ತರಲಾರದು. ಝೆಲ್ಡಾದ ಟಿಯರ್ಸ್ ಆಫ್ ದ ಕಿಂಗ್‌ಡಮ್ ಮೊದಲ ಸ್ವಿಚ್‌ನಲ್ಲಿ ಇದನ್ನೇ ಬಳಸಿತು. ಅಂಥ ಬಣ್ಣದ ಚಿತ್ರದಂಥ ಗೇಮ್‌ಗೆ ಅದು ಒಪ್ಪುತ್ತದೆ ಕೂಡ.

2022ರ ಎಫ್‌ಎಸ್‌ಆರ್ 2 ಬೇರೆ ಜಾತಿ. ಇದನ್ನು ತಿಳಿಯಬೇಕಾದರೆ ಕಿಟಕಿಗೆ ಹಾಕಿದ ಸೊಳ್ಳೆ ಜಾಲರಿಯ ಹತ್ತಿರ ನಿಂತು ಹೊರಗೆ ನೋಡಿ. ಒಂದೇ ಕಡೆ ನಿಂತರೆ ಜಾಲರಿಯ ತಂತಿ ಹೊರಗಿನ ಚಿತ್ರದ ಚೂರುಗಳನ್ನು ಮುಚ್ಚಿರುತ್ತದೆ. ತಲೆ ಒಂದು ಎಳೆಯಷ್ಟು ಆ ಕಡೆ ಈ ಕಡೆ ಆಡಿಸಿ, ಮುಚ್ಚಿದ್ದ ಚೂರುಗಳು ಒಂದೊಂದಾಗಿ ಕಾಣುತ್ತವೆ, ಮನಸ್ಸು ಎಲ್ಲವನ್ನೂ ಕೂಡಿಸಿ ಮಾವಿನ ಮರದ ಎಲೆಯನ್ನೂ ಪೂರ್ತಿಯಾಗಿ ತೋರಿಸುತ್ತದೆ. ಗೇಮ್ ಕೂಡ ಹೀಗೇ ಮಾಡುತ್ತದೆ. ಪ್ರತಿ ಫ್ರೇಮ್‌ನಲ್ಲೂ ಕ್ಯಾಮೆರಾವನ್ನು ಒಂದು ಚುಕ್ಕಿಗಿಂತ ಕಡಿಮೆ ಸರಿಸಿ, ಹಿಂದಿನ ಹಲವು ಫ್ರೇಮ್‌ಗಳಲ್ಲಿ ಕಂಡದ್ದನ್ನು ಕೂಡಿಸುತ್ತದೆ. ಯಾವ ವಸ್ತು ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದನ್ನೂ ಗೇಮ್ ಹೇಳಿಕೊಡುತ್ತದೆ. ಇಲ್ಲಿ ವಿವರ ಊಹೆಯಿಂದ ಬರುತ್ತಿಲ್ಲ, ನಿಜವಾಗಿ ಬಿಡಿಸಿದ ಚುಕ್ಕಿಗಳಿಂದಲೇ ಬರುತ್ತಿದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು.

ಸೋಲುವುದೂ ಅಲ್ಲೇ. ಮಳೆ ಹನಿ, ಕಿಡಿ, ಹಾರುವ ಕೂದಲು, ನೀರಿನ ಮೇಲ್ಮೈ, ಪಾತ್ರ ಸರಿದಾಗ ಅದರ ಹಿಂದೆ ಹೊಸದಾಗಿ ತೆರೆದುಕೊಳ್ಳುವ ಜಾಗ, ಇವಕ್ಕೆಲ್ಲ ಹಿಂದಿನ ಫ್ರೇಮ್‌ನಲ್ಲಿ ಆಧಾರ ಇರುವುದಿಲ್ಲ. ಆಗ ಪಾತ್ರದ ಸುತ್ತ ಮರಳು ಚೆಲ್ಲಿದ ಹಾಗೆ ಜುಮುಜುಮು ಅನ್ನುತ್ತದೆ, ಇಲ್ಲವೇ ಓಡುವ ವಸ್ತುವಿನ ಹಿಂದೆ ಬಾಲದ ಹಾಗೆ ಒಂದು ನೆರಳು ಎಳೆದುಕೊಂಡು ಬರುತ್ತದೆ. ಹೊರಡುವ ಚುಕ್ಕಿ ಕಡಿಮೆಯಾದಷ್ಟೂ ಇದು ಜಾಸ್ತಿ. 2023ರ ಅಲನ್ ವೇಕ್ 2 ಪಿಎಸ್5ನಲ್ಲಿ ಕ್ವಾಲಿಟಿ ಮೋಡ್‌ಗೆ 1270ಪಿಯಿಂದ 4ಕೆಗೆ, ಪರ್ಫಾರ್ಮೆನ್ಸ್‌ಗೆ 847ಪಿಯಿಂದ 1440ಪಿಗೆ ಹಿಗ್ಗಿಸುತ್ತದೆ. 847 ಅನ್ನುವ ಸಂಖ್ಯೆ ಕೇಳಿ ಗಾಬರಿಯಾಗುತ್ತದೆ, ಆದರೆ ಕಾಡಿನೊಳಗೆ ನಿಧಾನವಾಗಿ ಟಾರ್ಚ್ ಹಿಡಿದು ನಡೆಯುವ ಗೇಮ್ ಅದು. ಹಿಂದಿನ ಫ್ರೇಮ್‌ಗಳನ್ನು ಕೂಡಿಸಲು ಸಮಯ ಸಿಗುತ್ತದೆ, ಹಾಗಾಗಿ ಚಿತ್ರ ತಡೆದುಕೊಳ್ಳುತ್ತದೆ. ಅದೇ ಸಂಖ್ಯೆ ಒಂದು ರೇಸಿಂಗ್ ಗೇಮ್‌ನಲ್ಲಿ ಇದ್ದಿದ್ದರೆ ಕಣ್ಣಿಗೆ ಹಿಂಸೆ.

ಕೊನೆಯದು, ಕಲಿತ ಯಂತ್ರ ಮಾಡುವ ಕೆಲಸ. ಚಿಪ್ ಕಂಪನಿ ಎನ್ವಿಡಿಯಾದ ಡಿಎಲ್‌ಎಸ್‌ಎಸ್, ಪಿಎಸ್5 ಪ್ರೋದಲ್ಲಿ ಬರುವ ಸೋನಿಯ ಪಿಎಸ್‌ಎಸ್‌ಆರ್. ಇವೂ ಹಿಂದಿನ ಫ್ರೇಮ್‌ಗಳನ್ನೇ ಕೂಡಿಸುತ್ತವೆ, ಆದರೆ ಯಾವ ಹಳೆಯ ಚುಕ್ಕಿ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅನ್ನುವುದನ್ನು ಅಪಾರ ಚಿತ್ರಗಳಿಂದ ತರಬೇತಿ ಪಡೆದ ಮಾದರಿ ನಿರ್ಧರಿಸುತ್ತದೆ. ಕೂದಲು, ಹುಲ್ಲು, ತಂತಿ ಬೇಲಿ ಇಂಥ ಕಡೆ ಇದು ಎಫ್‌ಎಸ್‌ಆರ್ 2ಕ್ಕಿಂತ ಹೆಚ್ಚಿನ ಸಲ ಮುಂದಿದೆ. ಪಿಎಸ್‌ಎಸ್‌ಆರ್ ಶುರುವಿನಲ್ಲಿ ಎಲ್ಲ ಗೇಮ್‌ನಲ್ಲೂ ಗೆಲ್ಲಲಿಲ್ಲ. 2024ರ ಕೊನೆಯಲ್ಲಿ ಸೈಲೆಂಟ್ ಹಿಲ್ 2 ಪಿಎಸ್5 ಪ್ರೋದಲ್ಲಿ ಮಿಣುಕುವುದನ್ನು ಎಷ್ಟೋ ಜನ ಗಮನಿಸಿದರು. ಹಾಗಾಗಿ ವಿಧಾನದ ಹೆಸರು ನೋಡಿ ಕುರುಡಾಗಿ ನಂಬಬೇಡಿ, ಆ ಗೇಮ್‌ನಲ್ಲಿ ಅದು ಹೇಗಿದೆ ಅಂತ ನೋಡಿ.

ಕ್ವಾಲಿಟಿಯೋ ಪರ್ಫಾರ್ಮೆನ್ಸೋ

ನನ್ನ ಉತ್ತರ ನೇರವಾಗಿದೆ. ಮೊದಲು ಪರ್ಫಾರ್ಮೆನ್ಸ್ ಹಾಕಿ. ಅದು ನಿಜವಾಗಿಯೂ ಕಣ್ಣಿಗೆ ತೊಂದರೆ ಕೊಟ್ಟರೆ ಮಾತ್ರ ಕ್ವಾಲಿಟಿಗೆ ಹೋಗಿ.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಕ್ಯಾಮೆರಾ ತಿರುಗಿಸಿದಾಗ ಒಂದು ಮರ ಪರದೆಯ ಈ ತುದಿಯಿಂದ ಆ ತುದಿಗೆ ಎರಡು ಸೆಕೆಂಡಿನಲ್ಲಿ ಹೋಯಿತು ಅಂದುಕೊಳ್ಳಿ. 4ಕೆ ಪರದೆಯ ಅಗಲ 3840 ಚುಕ್ಕಿ, ಅಂದರೆ ಸೆಕೆಂಡಿಗೆ 1920 ಚುಕ್ಕಿ. 30 ಫ್ರೇಮ್‌ನಲ್ಲಿ ಮರ ಒಂದೊಂದು ಸಲಕ್ಕೆ 64 ಚುಕ್ಕಿ ಜಿಗಿಯುತ್ತದೆ, 60ರಲ್ಲಿ 32. ಈಗಿನ ಎಲ್‌ಸಿಡಿ, ಒಎಲ್‌ಇಡಿ ಪರದೆಗಳು ಒಂದು ಚಿತ್ರವನ್ನು ಮುಂದಿನದು ಬರುವವರೆಗೆ ಹಾಗೇ ಹಿಡಿದು ನಿಲ್ಲಿಸುತ್ತವೆ, ನಮ್ಮ ಕಣ್ಣು ಮಾತ್ರ ಮರದ ಜೊತೆ ಸರಿಯುತ್ತಲೇ ಇರುತ್ತದೆ. ಹಾಗಾಗಿ ಆ 64 ಚುಕ್ಕಿಯಷ್ಟು ಜಾಗ ಕಣ್ಣಲ್ಲಿ ಉಜ್ಜಿದ ಹಾಗೆ ಮಸುಕಾಗುತ್ತದೆ. ಕಷ್ಟಪಟ್ಟು ಬಿಡಿಸಿದ 4ಕೆ ವಿವರ ನಿಂತಾಗ ಇರುತ್ತದೆ, ತಿರುಗಿದ ಕೂಡಲೇ ಹೋಗುತ್ತದೆ. ಗೇಮ್‌ನಲ್ಲಿ ನಾವು ನಿಂತಿರುವುದಕ್ಕಿಂತ ತಿರುಗುವುದೇ ಜಾಸ್ತಿ. ಅದರ ಮೇಲೆ ಬಟನ್ ಒತ್ತಿದ್ದಕ್ಕೆ ಪಾತ್ರ ಬೇಗ ಸ್ಪಂದಿಸುವುದು ಬೇರೆ ಲಾಭ.

2024ರ ಸೆಪ್ಟೆಂಬರ್‌ನಲ್ಲಿ ಪಿಎಸ್5 ಪ್ರೋ ತೋರಿಸುವಾಗ ಅದರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ ಹೇಳಿದ ಮಾತೊಂದಿದೆ. ಮೋಡ್ ಕೇಳಿದಾಗ ಆಟಗಾರರು ಸುಮಾರು ನಾಲ್ಕರಲ್ಲಿ ಮೂರು ಸಲ ಪರ್ಫಾರ್ಮೆನ್ಸ್ ಅನ್ನೇ ಆರಿಸುತ್ತಾರಂತೆ. ನನಗೆ ಇದರಲ್ಲಿ ಆಶ್ಚರ್ಯ ಆಗಲಿಲ್ಲ.

ಕ್ವಾಲಿಟಿಗೆ ಹೋಗಬೇಕಾದ ಸಂದರ್ಭಗಳೂ ಇವೆ. ನಿಧಾನದ ಕತೆಯ ಗೇಮ್, ಹೆಚ್ಚಿಗೆ ನೋಡುವುದೇ ಇರುವ ಗೇಮ್, ಇಲ್ಲವೇ ಪರ್ಫಾರ್ಮೆನ್ಸ್‌ನಲ್ಲಿ ಚುಕ್ಕಿಯನ್ನು ಅತಿಯಾಗಿ ಕತ್ತರಿಸಿರುವ ಗೇಮ್. 2023ರ ಫೈನಲ್ ಫ್ಯಾಂಟಸಿ 16 ಪಿಎಸ್5ನಲ್ಲಿ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ 720ಪಿಯವರೆಗೂ ಇಳಿಯುತ್ತದೆ, ಅಷ್ಟಾದರೂ 60 ಫ್ರೇಮ್ ಗಟ್ಟಿಯಾಗಿ ನಿಲ್ಲುವುದಿಲ್ಲ. ಎರಡೂ ಕಡೆ ಕಳೆದುಕೊಂಡಂತೆ. ಅಲ್ಲಿ ಕ್ವಾಲಿಟಿಯೇ ಸರಿ. ಎದುರಿನ ಉದಾಹರಣೆ ಪಿಎಸ್5ನ ಡೀಮನ್ಸ್ ಸೋಲ್ಸ್. 1440ಪಿ ಸುತ್ತಮುತ್ತ 60 ಫ್ರೇಮ್ ಇರುವ ಮೋಡ್ ಅಷ್ಟು ಚೊಕ್ಕವಾಗಿದೆ ಅಂದರೆ 4ಕೆ, 30 ಫ್ರೇಮ್‌ನ ಇನ್ನೊಂದು ಮೋಡ್ ಹಾಕಲು ನನಗೆ ಕಾರಣವೇ ಸಿಗಲಿಲ್ಲ.

ಮೂರನೆಯ ದಾರಿಯೂ ಒಂದಿದೆ. ಸೆಕೆಂಡಿಗೆ 40 ಫ್ರೇಮ್. ಕೇಳಲು 30ಕ್ಕಿಂತ ಹತ್ತೇ ಜಾಸ್ತಿ, ಆದರೆ ಸಮಯದಲ್ಲಿ ನೋಡಿ: 33.3ರಿಂದ 25 ಮಿಲಿಸೆಕೆಂಡ್. 60 ಅಂದರೆ 16.6, ಹಾಗಾಗಿ 25 ಸರಿಯಾಗಿ ನಡುವೆ ಬರುತ್ತದೆ. 2021ರಲ್ಲಿ ರ‍್ಯಾಚೆಟ್ ಅಂಡ್ ಕ್ಲ್ಯಾಂಕ್ ರಿಫ್ಟ್ ಅಪಾರ್ಟ್ ಇದನ್ನು ಕೊಟ್ಟ ಮೇಲೆ ಬೇರೆ ಗೇಮ್‌ಗಳೂ ಹಿಂಬಾಲಿಸಿದವು. ಚಿತ್ರ ಹೆಚ್ಚು ಕಡಿಮೆ ಕ್ವಾಲಿಟಿಯದೇ, ಓಟ ತುಂಬ ಹಗುರ. ಆದರೆ ಇದಕ್ಕೆ 120 ಹರ್ಟ್ಝ್ ಟಿವಿ, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಟಿವಿ ಬೇಕು. 120ನ್ನು 40ರಿಂದ ಭಾಗಿಸಿದರೆ ಸರಿಯಾಗಿ ಮೂರು, 60ನ್ನು ಭಾಗಿಸಿದರೆ ಒಂದೂವರೆ. 60 ಹರ್ಟ್ಝ್ ಟಿವಿ ಇದ್ದವರಿಗೆ ಈ ಆಯ್ಕೆಯೇ ಸಾಮಾನ್ಯವಾಗಿ ಕಾಣಿಸುವುದಿಲ್ಲ. ನಿಮ್ಮ ಟಿವಿ 120 ಆಗಿದ್ದರೆ, ಗೇಮ್‌ನಲ್ಲಿ ಈ ಮೋಡ್ ಇದ್ದರೆ, ಬೇರೆ ಯೋಚನೆ ಮಾಡದೆ ಹಾಕಿ.

ಟಿವಿ: ಇಂಚಿಗಿಂತ ಮೊದಲು ಅಡಿ ಅಳೆಯಿರಿ

ಕಣ್ಣು ಸರಿಯಾಗಿರುವವರು, ಅಂದರೆ ಕಣ್ಣಿನ ಡಾಕ್ಟರ್ 6/6 ಅಂತ ಬರೆಯುವವರು, ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಚಿಕ್ಕದನ್ನು ಬೇರೆಯಾಗಿ ಗುರುತಿಸಬಲ್ಲರು. ಇದನ್ನು ಟಿವಿಗೆ ಹೊಂದಿಸಿ ಲೆಕ್ಕ ಹಾಕಿದೆ. 55 ಇಂಚಿನ ಟಿವಿಯಲ್ಲಿ 1080ಪಿ ಚುಕ್ಕಿಗಳು ಸುಮಾರು 7 ಅಡಿ ದೂರದಿಂದಾಚೆ ಒಂದರೊಳಗೊಂದು ಬೆರೆತು ಹೋಗುತ್ತವೆ. 1440ಪಿ ಚುಕ್ಕಿಗಳು ಐದೂಕಾಲು ಅಡಿಯಿಂದಾಚೆ. 4ಕೆ ಚುಕ್ಕಿಗಳನ್ನು ಬಿಡಿಬಿಡಿಯಾಗಿ ನೋಡಬೇಕಾದರೆ ಮೂರೂವರೆ ಅಡಿಯೊಳಗೆ ಕೂರಬೇಕು. 43 ಇಂಚಿನಲ್ಲಿ 1080ಪಿಗೆ ಐದೂವರೆ ಅಡಿ, 32 ಇಂಚಿನಲ್ಲಿ ನಾಲ್ಕು ಅಡಿ.

ಟೇಪ್ ಹಿಡಿದು ನಿಮ್ಮ ಸೋಫಾದಿಂದ ಟಿವಿಗೆ ಅಳೆಯಿರಿ. ಹಾಲ್‌ನಲ್ಲಿ ಎಂಟು ಹತ್ತು ಅಡಿ ಬಂದರೆ, 55 ಇಂಚಿನಲ್ಲಿ 1440ಪಿಯಿಂದ ಚೆನ್ನಾಗಿ ಹಿಗ್ಗಿಸಿದ ಚಿತ್ರಕ್ಕೂ ನಿಜವಾದ 4ಕೆಗೂ ನಿಮಗೆ ಕಾಣುವ ವ್ಯತ್ಯಾಸ ತುಂಬ ಕಡಿಮೆ. ಆದರೆ ಒಂದು ಮಾತು. ನಿಂತ ಚುಕ್ಕಿ ಕಾಣದಷ್ಟು ದೂರದಿಂದಲೂ ಮಿಣುಕುವ ಚುಕ್ಕಿ ಕಾಣುತ್ತದೆ. ತಂತಿ ಬೇಲಿ ಜುಮುಗುಟ್ಟುವುದು, ದೂರದ ವಿದ್ಯುತ್ ಲೈನ್ ತುಂಡು ತುಂಡಾಗಿ ನಡೆಯುವುದು ಹತ್ತಡಿಯಿಂದಲೂ ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ಚೂಪು ಎಷ್ಟಿದೆ ಅನ್ನುವುದಕ್ಕಿಂತ ಚಿತ್ರ ಎಷ್ಟು ಅಲುಗಾಡದೆ ಇದೆ ಅನ್ನುವುದನ್ನು ನೋಡಿ.

ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ 32 ಇಂಚಿನ ಎಚ್‌ಡಿ ರೆಡಿ ಟಿವಿ ಇದೆ. ಅದರ ಪರದೆ ಬಹಳಷ್ಟು ಸಲ 1366×768. ಕನ್ಸೋಲ್ ಈ ಅಳತೆಯನ್ನು ಕಳಿಸುವುದಿಲ್ಲ, 720ಪಿ ಅಥವಾ 1080ಪಿ ಕಳಿಸುತ್ತದೆ, ಟಿವಿ ಅದನ್ನು 768ಕ್ಕೆ ಹೊಂದಿಸಿಕೊಳ್ಳುತ್ತದೆ. 720 ಕಳಿಸಿದರೆ ಟಿವಿ ಹಿಗ್ಗಿಸಬೇಕು, 1080 ಕಳಿಸಿದರೆ ಕುಗ್ಗಿಸಬೇಕು. ಕುಗ್ಗಿಸಿದಾಗ ಅಂಚು ನುಣುಪಾಗುತ್ತದೆ, ವಿವರ ಉಳಿಯುತ್ತದೆ. ಟಿವಿ ಒಪ್ಪಿದರೆ 1080ಪಿ ಇಡಿ. ಇದೇ ಕಾರಣಕ್ಕೆ 1080ಪಿ ಟಿವಿಗೆ ಪಿಎಸ್5 ಜೋಡಿಸಿದರೆ ದಂಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಳಗೆ 1440 ಬಿಡಿಸಿ 1080ಕ್ಕೆ ಕುಗ್ಗಿಸಿದ ಚಿತ್ರ ನೇರವಾಗಿ 1080ರಲ್ಲೇ ಬಿಡಿಸಿದ್ದಕ್ಕಿಂತ ಎಷ್ಟೋ ಚೊಕ್ಕ.

ಹೊಸ ಟಿವಿ ಕೊಳ್ಳುವವರು ಡಬ್ಬಿ ಮೇಲಿನ ಎಚ್‌ಡಿಎಂಐ 2.1 (ಕನ್ಸೋಲ್ ಕೇಬಲ್ ಜೋಡಿಸುವ ಕಿಂಡಿಯ ಒಂದು ಆವೃತ್ತಿ) ಅನ್ನುವ ಅಕ್ಷರ ನೋಡಿ ನಿಲ್ಲಬೇಡಿ. ನಾನು ಹಾಗೆ ನಿಂತು ಮೋಸ ಹೋದವನು. ಅಂಗಡಿಯವರು 2.1 ಇದೆ ಸಾರ್ ಅಂದರು, ಮನೆಗೆ ತಂದು ನೋಡಿದರೆ ಪರದೆ 60 ಹರ್ಟ್ಝ್‌ದು. 2.1ರ ಪಟ್ಟಿಯಲ್ಲಿ ಗೇಮ್ ಮೋಡ್ ತಾನಾಗಿ ಆನ್ ಆಗುವುದು, ಸೌಂಡ್‌ಬಾರ್‌ಗೆ ಧ್ವನಿ ಹೋಗುವುದು ಎಲ್ಲ ಸೇರುತ್ತದೆ, 120 ಹರ್ಟ್ಝ್ ಇರಲೇಬೇಕು ಅಂತಿಲ್ಲ. "ಪರದೆಯೇ 120 ಹರ್ಟ್ಝ್ ಆ? 4ಕೆಯಲ್ಲಿ 120 ತಗೊಳ್ಳುತ್ತಾ? ವಿಆರ್‌ಆರ್ ಇದೆಯಾ?" ಈ ಮೂರು ಬಿಡಿಸಿ ಕೇಳಿ. ವಿಆರ್‌ಆರ್ ಅಂದರೆ ಫ್ರೇಮ್ ಬಂದಾಗಲೇ ಪರದೆ ಬದಲಾಗುವುದು. ಪರ್ಫಾರ್ಮೆನ್ಸ್ ಮೋಡ್ 60ರಿಂದ 52, 53ಕ್ಕೆ ಇಳಿದಾಗಲೂ ತಡವರಿಕೆ ಗೊತ್ತಾಗದಂತೆ ಕಾಪಾಡುತ್ತದೆ. ಪಿಎಸ್5ಗೆ ಇದು 2022ರ ಏಪ್ರಿಲ್‌ನಲ್ಲಿ ಬಂತು, 48ರಿಂದ 120ರವರೆಗೆ ಕೆಲಸ ಮಾಡುತ್ತದೆ. ದುಡ್ಡು ಸೀಮಿತವಾಗಿದ್ದರೆ 65 ಇಂಚಿನ 60 ಹರ್ಟ್ಝ್‌ಗಿಂತ 55 ಇಂಚಿನ 120 ಹರ್ಟ್ಝ್ ತಗೊಳ್ಳಿ.

ಯಾವ ಕನ್ಸೋಲ್

ಚಿಪ್‌ನ ಲೆಕ್ಕ ಹಾಕುವ ಶಕ್ತಿಯನ್ನು ಟೆರಾಫ್ಲಾಪ್‌ನಲ್ಲಿ ಅಳೆಯುತ್ತಾರೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ 4 ಟೆರಾಫ್ಲಾಪ್, ಸೀರೀಸ್ ಎಕ್ಸ್ 12, ಪಿಎಸ್5 10.28. ಸೀರೀಸ್ ಎಸ್ ಅನ್ನು 1440ಪಿ ಗುರಿ ಅಂತ ಹೇಳಿ 2020ರಲ್ಲಿ ಬಿಟ್ಟರು. ಹಗುರದ ಗೇಮ್‌ಗಳಲ್ಲಿ ಅದು ನಿಜ. ಆದರೆ ಭಾರದ ಗೇಮ್‌ಗಳು ಬಂದಾಗ ಪಾಪ ತುಂಬ ಕೆಳಗಿಳಿಯಬೇಕಾಗುತ್ತದೆ. 2023ರ ಇಮ್ಮಾರ್ಟಲ್ಸ್ ಆಫ್ ಅವೇಯಮ್ ಅದರಲ್ಲಿ 768×436ರಿಂದ ಹೊರಡುತ್ತದೆ. ಅಂದರೆ 3.3 ಲಕ್ಷ ಚುಕ್ಕಿ. ನಾವು ಮನೆಯಲ್ಲಿ ನೋಡುತ್ತಿದ್ದ ಡಿವಿಡಿಯ ಚಿತ್ರದಲ್ಲೇ 4.1 ಲಕ್ಷ ಇರುತ್ತಿತ್ತು. 32 ಅಥವಾ 43 ಇಂಚಿನ 1080ಪಿ ಟಿವಿ ಇದ್ದು, ಹೆಚ್ಚಾಗಿ ಫುಟ್‌ಬಾಲ್, ಫೋರ್ಟ್‌ನೈಟ್ ಥರದ್ದು ಆಡುವವರಿಗೆ ಸೀರೀಸ್ ಎಸ್ ಸಾಕು. 55 ಇಂಚಿನ ಟಿವಿಗೆ ನಾನು ಹೇಳುವುದಿಲ್ಲ.

ಪಿಎಸ್5 ಮತ್ತು ಸೀರೀಸ್ ಎಕ್ಸ್ ನಡುವೆ ಚಿತ್ರ ನೋಡಿ ಆರಿಸಲು ಏನೂ ಇಲ್ಲ. ನಿಮ್ಮ ಸ್ನೇಹಿತರು ಯಾವುದರಲ್ಲಿದ್ದಾರೋ ಅದು.

ಪಿಎಸ್5 ಪ್ರೋ 2024ರ ನವೆಂಬರ್ 7ರಂದು ಬಂತು, 16.7 ಟೆರಾಫ್ಲಾಪ್, ಅಮೆರಿಕದಲ್ಲಿ ಆಗಿನ ಬೆಲೆ 699.99 ಡಾಲರ್, ಡಿಸ್ಕ್ ಡ್ರೈವ್ ಬೇರೆ ಕೊಳ್ಳಬೇಕು. ಬಿಡುಗಡೆಯ ಸಮಯದಲ್ಲಿ ಭಾರತಕ್ಕೆ ಅಧಿಕೃತವಾಗಿ ಬರಲಿಲ್ಲ, ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಝ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ. ಪ್ರೋ ಯಾರಿಗೆ? ದೊಡ್ಡ 4ಕೆ ಟಿವಿಗೆ ಹತ್ತಿರ ಕೂತು, 60 ಫ್ರೇಮ್ ಬಿಡಲಾರೆ, ಮಸುಕೂ ಸಹಿಸಲಾರೆ ಅನ್ನುವವರಿಗೆ. ನನ್ನ ತಮ್ಮ ದೂರು ಹೇಳಿದ ಅದೇ ಫೈನಲ್ ಫ್ಯಾಂಟಸಿ 7 ರೀಬರ್ತ್ ಇದಕ್ಕೆ ಒಳ್ಳೆಯ ಸಾಕ್ಷಿ. ಪ್ರೋದಲ್ಲಿ ಪಿಎಸ್‌ಎಸ್‌ಆರ್ ಸೇರಿದ ಮೇಲೆ ಅದೇ 60 ಫ್ರೇಮ್‌ನಲ್ಲಿ ಹುಲ್ಲಿನ ಎಸಳು ಎಸಳೂ ಬೇರೆಯಾಗಿ ಕಾಣುತ್ತದೆ. 1080ಪಿ ಟಿವಿ ಇರುವವರು ಆ ದುಡ್ಡನ್ನು ಟಿವಿಗೆ ಹಾಕಲಿ.

ಸ್ವಿಚ್ 2, 2025ರ ಜೂನ್ 5ರಂದು ಬಂದದ್ದು, ನನ್ನನ್ನು ಹೆಚ್ಚು ಖುಷಿಪಡಿಸಿದ ಯಂತ್ರ. 7.9 ಇಂಚಿನ 1080ಪಿ ಪರದೆ, ಟಿವಿಗೆ ಹಾಕಿದರೆ 4ಕೆಯವರೆಗೆ, ಒಳಗೆ ಎನ್ವಿಡಿಯಾ ಚಿಪ್ ಇರುವುದರಿಂದ ಡಿಎಲ್‌ಎಸ್‌ಎಸ್. ಸೈಬರ್‌ಪಂಕ್ 2077 ಇದರಲ್ಲಿ ಟಿವಿಗೆ ಹಾಕಿದಾಗ ಡಿಎಲ್‌ಎಸ್‌ಎಸ್ ಜೊತೆ 1080ಪಿ ಗುರಿಯಿಟ್ಟು, ಒಂದು ಮೋಡ್‌ನಲ್ಲಿ 30, ಇನ್ನೊಂದರಲ್ಲಿ 40 ಫ್ರೇಮ್ ಓಡುತ್ತದೆ. ಕೈಯಲ್ಲಿ ಹಿಡಿಯುವ ಒಂದು ಯಂತ್ರದಲ್ಲಿ ಇಂಥ ಗೇಮ್ ಓಡುತ್ತಿದೆ ಅಂದರೆ ಅದರಲ್ಲಿ ಅಪ್‌ಸ್ಕೇಲಿಂಗ್‌ನ ಪಾಲು ದೊಡ್ಡದು.

ಕೊಳ್ಳುವ ಮೊದಲು, ಇರುವುದನ್ನು ಸರಿ ಮಾಡಿ

ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ವಿವಿಡ್ ಅಥವಾ ಡೈನಾಮಿಕ್ ಅಂತ ಇರುವ ಚಿತ್ರ ಮೋಡ್ ಬೇಡ. ಶಾರ್ಪ್‌ನೆಸ್ ಅನ್ನು ಸೊನ್ನೆ ಹತ್ತಿರ ತನ್ನಿ. ಅದು ವಿವರ ತರುವುದಿಲ್ಲ, ಅಂಚಿನ ಸುತ್ತ ಬಿಳಿ ಗೆರೆ ಎಳೆಯುತ್ತದೆ, ಗೇಮ್ ಹಿಗ್ಗಿಸುವಾಗ ಉಳಿದ ಕೊಳೆಯನ್ನೆಲ್ಲ ಎತ್ತಿ ತೋರಿಸುತ್ತದೆ. ಚಿತ್ರದ ಅಳತೆಯಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಫಿಟ್ ಟು ಸ್ಕ್ರೀನ್ ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಟಿವಿ ನಾಲ್ಕೂ ಅಂಚು ಸ್ವಲ್ಪ ಕತ್ತರಿಸಿ ಉಳಿದದ್ದನ್ನು ಮತ್ತೆ ಹಿಗ್ಗಿಸುತ್ತದೆ. ಕನ್ಸೋಲ್ ಡಬ್ಬಿಯಲ್ಲಿ ಬಂದ ಕೇಬಲ್ ಅನ್ನೇ ಬಳಸಿ. ಮನೆಯಲ್ಲಿ ಹಳೆ ಪಿಎಸ್2 ಇದ್ದರೆ, ಜೊತೆಗೆ ಹಳೆ ಡಬ್ಬಾ ಟಿವಿಯೂ ಇದ್ದರೆ, ದಯವಿಟ್ಟು ಎಸೆಯಬೇಡಿ. ಆ ಗೇಮ್‌ಗಳು ಆ ಗಾಜಿಗಾಗಿಯೇ ಮಾಡಿದ್ದು.

ತಮ್ಮನಿಗೆ ಅಂದು ಫೋನ್‌ನಲ್ಲೇ ಕೇಳಿದೆ, ಎಷ್ಟು ದೂರ ಕೂತಿದ್ದೀಯ ಅಂತ. ಟಿವಿ ಇನ್ನೂ ಗೋಡೆಗೆ ಹಾಕಿರಲಿಲ್ಲ, ಸ್ಟ್ಯಾಂಡ್ ಮುಂದೆ ಚಾಪೆ ಹಾಸಿಕೊಂಡು ನಾಲ್ಕಡಿಯಲ್ಲಿ ಕೂತಿದ್ದ. ಚಿತ್ರ ವಿವಿಡ್‌ನಲ್ಲಿತ್ತು, ಶಾರ್ಪ್‌ನೆಸ್ ಅರ್ಧಕ್ಕಿಂತ ಮೇಲಿತ್ತು. ಎರಡನ್ನೂ ಸರಿ ಮಾಡಿಸಿದೆ. ಆಮೇಲೆ ಒಂದು ಪರೀಕ್ಷೆ ಹೇಳಿದೆ: ಹುಲ್ಲುಗಾವಲಿನಲ್ಲಿ ಒಂದೇ ಕಡೆ ನಿಲ್ಲು, ಪಾತ್ರದ ಕೂದಲಿನ ಅಂಚು ನೋಡು, ಕ್ಯಾಮೆರಾವನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸು, ಮೋಡ್ ಬದಲಾಯಿಸಿ ಮತ್ತೆ ಅದನ್ನೇ ಮಾಡು, ಮೊದಲು ಚಾಪೆಯಿಂದ, ಆಮೇಲೆ ಸೋಫಾದಿಂದ. ಹತ್ತು ನಿಮಿಷ ಬಿಟ್ಟು ಮೆಸೇಜ್ ಬಂತು. "ಚಾಪೆಯಿಂದ ಗ್ರಾಫಿಕ್ಸ್, ಸೋಫಾದಿಂದ ಪರ್ಫಾರ್ಮೆನ್ಸ್. ಕೂದಲು ಇನ್ನೂ ಸ್ವಲ್ಪ ಜುಮುಗುಟ್ಟುತ್ತೆ, ಆದ್ರೆ ಫೈಟ್ ಸೂಪರ್ ಅಣ್ಣಾ." ಮಾರನೆಯ ದಿನ ಟಿವಿ ಗೋಡೆಗೆ ಹಾಕಿಸಿದ, ಚಾಪೆ ಒಳಗೆ ಹೋಯಿತು.